ಮನೇಲಿ ವೋಟು ಎಷ್ಟು?

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಸ್ಕೂಲಿಗೆ ಎಡಕ್ಕೆ ತಿರುಗಬೇಕಿತ್ತು, ಬಲಕ್ಕೆ ತಿರುಗಿ ರೈಲ್ವೆ ಸ್ಟೇಷನ್ ಸೇರಿದೆ. ಅಂದಿನಿಂದ ಯಾವ ಊರಲ್ಲೂ ಎರಡು ದೀಪಾವಳಿ ಕಂಡವನಲ್ಲ. ಲಾರಿ ಕ್ಲೀನರ್ ಆದೆ, ಹೋಟೆಲಿನಲ್ಲಿ ಸಪ್ಲೈಯರ್ ಆದೆ, ಶಾಮಿಯಾನ ಕಟ್ಟಿದೆ. ಎಲ್ಲಿ ಹೋದರೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ಅದಕ್ಕೆ ಕಾರಣ ನನ್ನ ಮುಖ. ಹುಟ್ಟಿದಾಗಿನಿಂದ ಅದು ಸಾವಿನ ಮನೆಗೆ ಹೊರಟವನ ಮುಖ. ನನ್ನ ನಾಮಕರಣದ ದಿನ ತೊಟ್ಟಿಲೊಳಗೆ ಬಗ್ಗಿ ನೋಡಿದ ಒಬ್ಬರು ದನಿ ತಗ್ಗಿಸಿ, "ಯಾರು ಹೋಗ್ಬುಟ್ರು?" ಅಂತ ಕೇಳಿದ್ದರಂತೆ. ಅಕ್ಕ ಇವತ್ತಿಗೂ ಹೇಳುತ್ತಾಳೆ.

ಸುತ್ತಿ ಸಾಕಾದಾಗ ನಾನು ಬಂದು ಬೀಳುವುದು ಕೆಸರೆಯ ಅಕ್ಕನ ಮನೆಯಲ್ಲಿ. ಅಕ್ಕ, ಭಾವ ಇಬ್ಬರೇ. ಮಕ್ಕಳಾಗಲಿಲ್ಲ. ಭಾವ ಮಂಡಿ ಮೊಹಲ್ಲಾದ ಒಂದು ಸಣ್ಣ ಅಂಗಡಿಯಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದರು. ಬಂದರೆ ಯಾಕೆ ಬಂದೆ ಅನ್ನುತ್ತಿರಲಿಲ್ಲ, ಹೊರಟರೆ ಎಲ್ಲಿಗೆ ಅನ್ನುತ್ತಿರಲಿಲ್ಲ. ನನಗೆಂದೇ ಮಾಡಿಕೊಟ್ಟ ಟ್ರಂಕಿನ ಚಿಲಕವನ್ನು ಒಮ್ಮೆ ಹಾಕಿ, ತೆಗೆದು, "ಗಟ್ಟಿ ಇದೆ, ಹೋಗು" ಅನ್ನುತ್ತಿದ್ದರು. ಅಷ್ಟೇ.

ಯಜಮಾನರ ಕಾಫಿ

ಯಾದವಗಿರಿಯ ಒಂದು ಬಂಗಲೆಗೆ ಶಾಮಿಯಾನದ ಕುರ್ಚಿ ಇಳಿಸಲು ಹೋಗಿದ್ದೆ. ಅಲ್ಲಿ ಸಿನಿಮಾ ಶೂಟಿಂಗ್, ರಾಜಕಾರಣಿಗಳನ್ನು ಗೇಲಿ ಮಾಡುವ ಚಿತ್ರ. ಡೈರೆಕ್ಟರು ನನ್ನನ್ನು ನೋಡಿ, "ಸ್ವಲ್ಪ ಅಳ್ರೀ" ಅಂದರು.

"ನಂಗೆ ಅಳು ಬರಲ್ಲ ಸಾರ್."

"ಹಾಗಾದ್ರೆ ಸುಮ್ನೆ ನಿಂತ್ಕೊಳ್ಳಿ."

ನಿಂತೆ. ಅವರು ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. ಹೀಗೆ ನನಗೆ ಶಾಸಕರ ಬಾಲಂಗೋಚಿಯ ಪಾತ್ರ ಸಿಕ್ಕಿತು. ಕ್ಷೇತ್ರದಲ್ಲಿ ಯಾರು ಸತ್ತರೂ ಹಾರ ಹಿಡಿದು ಶಾಸಕರ ಹಿಂದೆ ನಿಲ್ಲಬೇಕು. ಕೈ ಮುಗಿದು "ತುಂಬಲಾರದ ನಷ್ಟ" ಅನ್ನಬೇಕು. ಆಮೇಲೆ ಮನೆಯವರ ಕಿವಿಯ ಹತ್ತಿರ ಬಗ್ಗಿ, "ಮನೇಲಿ ವೋಟು ಎಷ್ಟು?" ಅಂತ ಕೇಳಬೇಕು. ಇಡೀ ಚಿತ್ರದಲ್ಲಿ ನನ್ನ ಮಾತು ಇವೆರಡೇ.

ಊಟದ ವಿರಾಮ. ಕ್ಯಾಮೆರಾ ಒಳಗಿತ್ತು. ಪೋರ್ಟಿಕೋದಲ್ಲಿ ಚಟ್ಟ, ಅದರ ಮೇಲೆ ಹೆಣದ ಪಾತ್ರದ ಮುದುಕರು ಪಾಯಸ ಉಂಡು ಬಿಳಿ ಬಟ್ಟೆ ಹೊದ್ದು ನಿದ್ದೆಹೋಗಿದ್ದರು. ಪಕ್ಕದ ರಸ್ತೆಯ ಹಿರಿಯಮ್ಮ ಒಬ್ಬರು ಗೇಟಿನ ಮುಂದೆ ಹಾದುಹೋಗುತ್ತ ಚಟ್ಟ ಕಂಡು ನಿಂತರು. ಚಟ್ಟದ ಪಕ್ಕ ನಿಂತಿದ್ದ ನನ್ನ ಮುಖ ನೋಡಿದ ಮೇಲೆ ಅವರಿಗೆ ಅನುಮಾನವೇ ಉಳಿಯಲಿಲ್ಲ. ಒಳಗೆ ಬಂದು ಕುರ್ಚಿಯಲ್ಲಿ ಕುಸಿದರು. "ಮೊನ್ನೆ ವಾಕಿಂಗಲ್ಲಿ ಸಿಕ್ಕಿದ್ರು, ಎಷ್ಟು ಚೆನ್ನಾಗಿದ್ರು" ಅಂತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಅವರು ಅಳುತ್ತಿದ್ದದ್ದು ಬಂಗಲೆಯ ಯಜಮಾನರಿಗಾಗಿ. ಯಜಮಾನರೋ ಕಿಟಕಿಯಿಂದ ನೋಡಿ, ಯಾರೋ ಕಲಾವಿದೆ ಚೆನ್ನಾಗಿ ಅಭ್ಯಾಸ ಮಾಡುತ್ತಿದ್ದಾರೆ ಅಂದುಕೊಂಡು, ತಾವೇ ಕಾಫಿ ತಂದು ಮುಂದೆ ಹಿಡಿದರು.

ಹಿರಿಯಮ್ಮ ಲೋಟ ನೋಡಿದರು, ತಲೆ ಎತ್ತಲಿಲ್ಲ. "ಹೆಣ ಇನ್ನೂ ಎತ್ತಿಲ್ಲ, ಆಗ್ಲೇ ಒಲೆ ಹಚ್ಚಿದ್ದೀರಲ್ಲ. ಅವರಿದ್ದಿದ್ರೆ ಇದಕ್ಕೆಲ್ಲ ಬಿಡ್ತಿದ್ರಾ?"

"ಸಕ್ಕರೆ ಕಮ್ಮೀನೇ ಹಾಕಿದೀನಿ" ಅಂದರು ಯಜಮಾನರು.

ಆಗ ತಲೆ ಎತ್ತಿದರು. ಯಜಮಾನರನ್ನು ನೋಡಿದರು, ಚಟ್ಟದ ಕಡೆ ನೋಡಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಈಗ ನಾನು ಮನೆಗೆ ಹೋಗಿ ತಲೆಗೆ ಸ್ನಾನ ಮಾಡ್ಬೇಕೋ ಬೇಡ್ವೋ?"

ನೀನೂ ಇದ್ದೆ

ಚಿತ್ರ ಓಡಿತು. ಅಕ್ಕ ಭಾವನನ್ನು ಎಳೆದುಕೊಂಡು ಹೋದಳು. ಭಾವ ಟಾಕೀಸಿನೊಳಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ತಗಡು ಬಡಿದೂ ಬಡಿದೂ ಕಿವಿ ಮಂದವಾಗಿತ್ತು. ವಾಪಸ್ ಬಂದವರು ಕೈಕಾಲು ತೊಳೆದು, ವಿಭೂತಿ ಇಟ್ಟು, ಊಟಕ್ಕೆ ಕೂತರು. ಚಿತ್ರದ ಸುದ್ದಿಯೇ ಇಲ್ಲ. ನಾನೇ ಕೇಳಿದೆ, "ಹೇಗಿತ್ತು ಭಾವ?"

"ಶಾಸಕನ ರೂಮಲ್ಲಿ ಮಂಚದ ಕೆಳಗೆ ಒಂದು ಟ್ರಂಕಿತ್ತಲ್ಲ, ನಮ್ಮಂಗಡೀದು. ಮೂಲೆ ಪಟ್ಟಿ ನೋಡಿದ ತಕ್ಷಣ ಗೊತ್ತಾಯ್ತು. ಎಷ್ಟು ಹೊತ್ತು ತೋರಿಸಿದ್ರು, ಪುಣ್ಯಾತ್ಮರು."

"ಮತ್ತೆ ನಾನು?"

ತುತ್ತು ನುಂಗಿ, ಯೋಚನೆ ಮಾಡಿ ಹೇಳಿದರು. "ನೀನೂ ಇದ್ದೆ."

ಎಂಟಿತ್ತು

ಆಮೇಲೆ ಶುರುವಾಯಿತು ತೊಂದರೆ. ಕೆಸರೆಯಲ್ಲೇ ಹಿಂದಿನ ಬೀದಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಅಕ್ಕನ ಜೊತೆ ನಾನೂ ಹೋದೆ. ಮನೆ ತುಂಬ ಅಳು. ನಾನು ಹೊಸ್ತಿಲು ದಾಟಿ ಕೈ ಮುಗಿದೆ. ಮೂಲೆಯಲ್ಲಿದ್ದ ಒಬ್ಬ ಹುಡುಗಿ ಕಿಸಕ್ ಅಂದಳು. ಅವಳ ತಾಯಿ ಬೈಯಲು ತಿರುಗಿ, ನನ್ನನ್ನು ನೋಡಿ, ಸೆರಗು ಬಾಯಿಗೆ ತುರುಕಿಕೊಂಡರು. ಭುಜ ಕುಣಿಯುತ್ತಿತ್ತು. ಒಂದೊಂದಾಗಿ ಎಲ್ಲ ಭುಜಗಳೂ ಕುಣಿದವು. ಅಳುತ್ತಿದ್ದವರು ಯಾರು, ನಗುತ್ತಿದ್ದವರು ಯಾರು, ಹಿಂದಿನಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಹೋದವರ ತಮ್ಮ, ಅವರೂ ವಯಸ್ಸಾದವರೇ, ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಆಚೀಚೆ ನೋಡಿ, ಪ್ರಾಮಾಣಿಕವಾಗಿ ಹೇಳಿದರು.

"ಎಂಟಿತ್ತು ಸ್ವಾಮಿ. ಈಗ ಏಳು."

ಅಂದಿನಿಂದ ನಾನು ಸಾವಿನ ಮನೆಗೆ ಹೋಗುವುದು ಬಿಟ್ಟೆ. ಭಾವ ಅಷ್ಟು ಹೊತ್ತಿಗೆ ಉಬ್ಬಸ ಹೆಚ್ಚಾಗಿ ಸುತ್ತಿಗೆ ಕೆಳಗಿಟ್ಟು ಮನೆಯಲ್ಲೇ ಇದ್ದರು. ಒಂದು ಸಾಯಂಕಾಲ ಜಗಲಿಯ ಮೇಲೆ ಕೂತವರು ಕೇಳಿದರು, "ನಂದಕ್ಕೂ ಬರಲ್ವೇನಯ್ಯ?"

"ಬಿಡ್ತು ಅನ್ನಿ ಭಾವ."

"ಕೇಳಿದ್ದಕ್ಕೆ ಹೇಳು."

"ನಾನು ಬಂದ್ರೆ ಜನ ನಗ್ತಾರೆ. ನಿಮಗೆ ಮರ್ಯಾದೆ ಇರಲ್ಲ."

"ಮರ್ಯಾದೆ ನಾನು ನೋಡ್ಕೋತೀನಿ. ನಂಗೆ ಮಕ್ಕಳಿಲ್ಲ. ಮುಂದಿನ ಹೆಗಲು ನಿಂದಿರಬೇಕು."

ಉಬ್ಬಸ ಇದ್ದವರ ಮುಂದೆ ಸುಳ್ಳು ಹೇಳುವುದು ಕಷ್ಟ, ಅವರು ಉತ್ತರಕ್ಕೆ ಕಾಯುವುದು ಕೇಳಿಸುತ್ತಿರುತ್ತದೆ. ಆದರೆ ಆ ವರ್ಷ ದೀಪಾವಳಿ ಕಳೆದರೂ ನಾನು ಕೆಸರೆ ಬಿಟ್ಟು ಹೋಗಲಿಲ್ಲ.

ಎದುರಾಳಿ

ಈ ನಡುವೆ ಕಾರ್ಪೊರೇಷನ್ ಚುನಾವಣೆಗೆ ನಿಲ್ಲಬೇಕೆಂದಿದ್ದ ಒಬ್ಬರು ಕಾರು ಕಳಿಸಿ ಕರೆಸಿಕೊಂಡರು. "ವಾರ್ಡಲ್ಲಿ ಯಾರಾದ್ರೂ ಹೋದ್ರೆ ನನ್ನ ಜೊತೆ ಬನ್ನಿ. ಮಾತು ಬೇಡ. ಸುಮ್ನೆ ಹಿಂದೆ ನಿಂತ್ಕೊಳ್ಳಿ."

ನನಗೆ ಸಂಕೋಚವಾಯಿತು. "ಸಾರ್, ಆ ಸಿನಿಮಾದಲ್ಲಿ ಗೇಲಿ ಮಾಡಿರೋದೇ ಇದನ್ನ."

"ನೋಡಿದೀನಿ ಕಣ್ರೀ" ಅಂದರು ಅವರು, ತೃಪ್ತಿಯಿಂದ. "ನನ್ನ ಎದುರಾಳೀನ ಸರಿಯಾಗಿ ಹಿಡಿದಿದ್ದೀರಿ."

ಹೆಲ್ಮೆಟ್ಟು

ಭಾವ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೋಗಿಬಿಟ್ಟರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಭಾವನನ್ನು ಬಾಗಿಲ ಕಡೆ ಮುಖ ಮಾಡಿಸಿ ಕೂರಿಸಿದ್ದರು. ಬಂದವರನ್ನೆಲ್ಲ ಅವರೇ ನೋಡುತ್ತಿರುವಂತಿತ್ತು.

ನಾನು ಅವರನ್ನು ಕೂರಿಸಿ ಹೊರುವ ವಿಮಾನ ಕಟ್ಟಿಸಿದೆ, ಹೂವು ತರಿಸಿದೆ, ಕಾರ್ಯ ಮಾಡಿಸುವ ಅಯ್ಯನವರಿಗೆ ಹೇಳಿಕಳಿಸಿದೆ. ಜನ ಸೇರತೊಡಗಿದ ಮೇಲೆ ಎದುರುಮನೆಯವರ ಹೆಲ್ಮೆಟ್ಟು ಇಸಿದುಕೊಂಡು, ತಲೆಗೆ ಹಾಕಿ, ಗಾಜು ಇಳಿಸಿ, ಗೇಟಿನ ಪಕ್ಕ ನಿಂತೆ. ನನಗೆ ಬೈಕೂ ಇಲ್ಲ, ಸೈಕಲ್ಲೂ ಇಲ್ಲ. ಬಂದವರು ನನ್ನನ್ನು ಕೊರಿಯರಿನವನು ಅಂದುಕೊಂಡು ದಾರಿ ಬಿಟ್ಟರು.

ಅಕ್ಕ ಬೆಳಿಗ್ಗೆಯಿಂದ ಅತ್ತಿರಲಿಲ್ಲ. ಹೆಂಗಸರು ಹೆದರಿ ಬೆನ್ನು ನೀವುತ್ತಿದ್ದರು. ವಿಮಾನ ಎತ್ತುವ ಹೊತ್ತಾದಾಗ ಅವಳು ಎದ್ದು ಗೇಟಿನವರೆಗೆ ಬಂದಳು.

"ತೆಗಿ ಅದನ್ನ."

"ಬೇಡ ಕಣಕ್ಕ. ಜನ..."

"ಅವರು ಬಾಗಿಲ ಕಡೇನೇ ನೋಡ್ಕೊಂಡು ಕೂತವ್ರೆ. ನೀನು ಬಂದಿದ್ದೀಯ ಅಂತ ಎಂಗೆ ಗೊತ್ತಾಗ್ಬೇಕು?"

ತೆಗೆದೆ. ಒಳಗೆ ಹೋದೆ. ಒಬ್ಬರು ಕೆಮ್ಮಿದರು, ಒಬ್ಬರು ಗೋಡೆಯ ಕಡೆ ತಿರುಗಿದರು. ನಾನು ಭಾವನ ಮುಂದೆ ನಿಂತು ಕೈ ಮುಗಿದೆ. ಏನಾದರೂ ಹೇಳಬೇಕು ಅನ್ನಿಸಿತು. ಓದಿದವನಲ್ಲ, ಸಾವಿಗೆ ನನಗೆ ಬರುತ್ತಿದ್ದ ಮಾತು ಒಂದೇ. ನಿಜವಾಗಿಯೂ ಅದನ್ನೇ ಹೇಳಬೇಕೆನಿಸಿ, ಹೇಳಿದೆ.

"ತುಂಬಲಾರದ ನಷ್ಟ."

ಯಾರೂ ನಗಲಿಲ್ಲ. ಇಡೀ ಮನೆ ಉಸಿರು ಹಿಡಿದು ಎರಡನೆಯ ಮಾತಿಗೆ ಕಾಯುತ್ತಿತ್ತು. ನಾನು ಬಾಯಿ ಬಿಗಿಹಿಡಿದು ನಿಂತೆ. ಆಗ ಪಕ್ಕದಿಂದ ಅಕ್ಕನ ದನಿ ಬಂತು.

"ಎರಡಿತ್ತು. ಈಗ ಒಂದು. ಇವನದ್ದು ಯಾವೂರಲ್ಲೂ ಇಲ್ಲ."

ಅಂದವಳೇ ನಕ್ಕಳು. ಅವಳು ನಕ್ಕ ಮೇಲೆ ಅಯ್ಯನವರೂ ನಕ್ಕರು. ನಗುತ್ತ ನಗುತ್ತ ಅವಳಿಗೆ ಅಳು ಬಂತು, ಬೆಳಿಗ್ಗೆಯಿಂದ ತಡೆದದ್ದೆಲ್ಲ ಬಂತು. ಹಾಗೇ ಎತ್ತಿದೆವು. ಮುಂದಿನ ಹೆಗಲು ನಂದೇ. ಬೀದಿಯಲ್ಲಿ ನನ್ನ ಮುಖ ನೋಡಿ ನಕ್ಕವರಿದ್ದರು. ಅವರೂ ಚಪ್ಪಲಿ ಬಿಟ್ಟು, ಕೈ ಮುಗಿದೇ ನಕ್ಕರು.

ಚಿಲಕ

ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಅಕ್ಕನ ಮನೆಯ ವಿಳಾಸಕ್ಕೆ ನನ್ನ ವೋಟು ಸೇರಿಸಿದ್ದು. ವೋಟರ್ ಕಾರ್ಡು ಕೈಗೆ ಬಂದ ಮೇಲೆ ಕಾಲು ಮತ್ತೆ ತುರಿಸತೊಡಗಿತು. ಹುಬ್ಬಳ್ಳಿ ಕಡೆಯಲ್ಲಿ ಇನ್ನೊಂದು ಚಿತ್ರವಂತೆ. ಈ ಸಲ ಹೆಣದ ಪಾತ್ರ. ಅಕ್ಕನಿಗೆ ಹೇಳಿದೆ. "ಅಲ್ಲಾದ್ರೂ ಬಾಯಿ ಮುಚ್ಕೊಂಡಿರು" ಅಂದಳು, ಟ್ರಂಕು ತಂದು ನಡುಮನೆಯಲ್ಲಿಟ್ಟಳು.

ಬಟ್ಟೆ ಜೋಡಿಸುತ್ತಿದ್ದೆ. ಬಾಗಿಲಲ್ಲಿ ಕಾರು ನಿಂತಿತು. ಚುನಾವಣೆಗೆ ನಿಲ್ಲಬೇಕೆಂದಿದ್ದವರೇ ಹಾರ ಹಿಡಿದು ಬಂದರು, ತಡವಾದದ್ದಕ್ಕೆ ಕ್ಷಮೆ ಕೇಳಿದರು. ಟ್ರಂಕಿನ ಮುಚ್ಚಳದ ಹಿಂದೆ ನಾನು ಅವರಿಗೆ ಕಾಣಲಿಲ್ಲ. ಭಾವನ ಫೋಟೋಗೆ ಹಾರ ಹಾಕಿ, ಕೈ ಮುಗಿದು, ಬಹಳ ಗಂಭೀರವಾಗಿ "ತುಂಬಲಾರದ ನಷ್ಟ ಕಣಮ್ಮ" ಅಂದರು. ಆಮೇಲೆ ಅಕ್ಕನ ಕಡೆ ಬಗ್ಗಿ, ದನಿ ತಗ್ಗಿಸಿ, ಕೇಳಿಯೇಬಿಟ್ಟರು.

ಅಕ್ಕ ಮುಚ್ಚಳ ಇಳಿಸಿ, ಚಿಲಕ ಒಮ್ಮೆ ಹಾಕಿ ತೆಗೆದು ನೋಡಿದಳು. ಗಟ್ಟಿ ಇತ್ತು.

"ಎರಡು ಕಣಪ್ಪ" ಅಂದಳು. "ಒಂದು ಇಲ್ಲೇ ಇರುತ್ತೆ. ಇನ್ನೊಂದು, ನೋಡು, ಟ್ರಂಕಿಗೆ ಬಟ್ಟೆ ತುಂಬಿ ಹೊರಟಿದೆ."