ದೇವರ ಗೂಡಿನ ಪಕ್ಕದ ಗಾಳ

ಮೀನಂಗಡಿ ಕಂಡರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ಹೋಗುವ ಮನೆತನ ನಮ್ಮದು. ಅಂಥ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ಈಗ ಒಂದು ಗಾಳ ನೇತಾಡುತ್ತಿದೆ. ಬಂದವರು ನೋಡುತ್ತಾರೆ, ಏನೂ ಕೇಳದೆ ಕಾಫಿ ಕುಡಿಯುತ್ತಾರೆ, ಮೆಟ್ಟಿಲಿಳಿದ ಮೇಲೆ ಮಾತಾಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ವಯಸ್ಸಾದ ಮೇಲೆ ಒಂದು ಸುಖ ಇದೆ. ಜನ ಏನಂದಾರು ಎನ್ನುವ ಚಿಂತೆಯೂ ಕಿವಿಯ ಜೊತೆಗೇ ಮಂದವಾಗುತ್ತದೆ. ಆದರೂ ಆ ಗಾಳದ ತುದಿಯಲ್ಲಿರುವ ಕುಚ್ಚಿನ ಕೂದಲು ನನ್ನ ಚೌರಿಯದು ಎಂದು ಇದುವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ನಮ್ಮ ಯಜಮಾನರು ಪೆರಂಬೂರಿನಲ್ಲಿ ರೈಲು ಡಬ್ಬಿ ಕಟ್ಟುವ ಕಡೆ ಫಿಟ್ಟರಾಗಿದ್ದವರು. ರಿಟೈರಾಗಿ ಪೋರೂರಿಗೆ ಬಂದ ಮೇಲೆ, ಒಂದು ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದಾಗ ಕೈಯಿಂದ ಬ್ರಷ್ಷು ಜಾರಿತು. ಲಘು ಪಾರ್ಶ್ವವಾಯು ಎಂದರು ಡಾಕ್ಟರು. ಲಘು ಎನ್ನುವುದು ಅವರಿಗೇನು, ಸುಲಭ. ಅವರ ಕೈಯಲ್ಲವಲ್ಲ. ಕಾಲು ಸರಿಹೋಯಿತು, ಮಾತಂತೂ ಎಲ್ಲಕ್ಕಿಂತ ಮೊದಲು ಸರಿಹೋಯಿತು. ಬಲಗೈ ಆಡುತ್ತಿತ್ತು, ಆದರೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಬಿಸಿ ಕಾಫಿಯ ಲೋಟ ಕೊಟ್ಟರೆ ಬೆರಳು ಕೆಂಪಗಾಗುವ ತನಕ ಹಿಡಿದುಕೊಂಡೇ ಕೂರುತ್ತಿದ್ದರು. ಅದನ್ನು ನೋಡಿದ ದಿನದಿಂದ ನಾನು ಕಾಫಿ ತಣಿಸಿಯೇ ಕೊಡತೊಡಗಿದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಮುಕಲು ಅಂತ ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಧೂಳು ಹಿಡಿಯಿತು. "ರೈಲು ಡಬ್ಬಿ ಕಟ್ಟಿದ ಕೈಗೆ ಮಗು ಆಡೋ ಚೆಂಡಾ?" ಎಂದರು. "ಈಗ ಆ ಕೈ ಮಗೂನೇ ತಾನೆ?" ಎಂದೆ. ಅವತ್ತು ಊಟದ ತನಕ ಮಾತು ಬಿಟ್ಟರು. ಮಾತು ಬಿಟ್ಟರೆ ನನಗೇನೂ ನಷ್ಟವಿಲ್ಲ, ಮನೆ ಹಾಯಾಗಿರುತ್ತದೆ. ಆದರೆ ಆ ಕೈಯನ್ನು ಯಾರೋ ಮರೆತುಹೋದ ಸಾಮಾನಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರಲ್ಲ, ಅದನ್ನು ನೋಡಲಾಗುತ್ತಿರಲಿಲ್ಲ.

ಆಗ ಬಂದವರು ಆರುಮುಗಂ. ಇವರ ಜೊತೆ ಒಂದೇ ಶೆಡ್ಡಿನಲ್ಲಿ ದುಡಿದವರು, ಈಗ ಕೋಲು ಹಿಡಿದು ಕೆರೆ ಸುತ್ತುವವರು. ಗಾಳದ ಕೋಲು ನೋಡಿ ನಾನು ಬಾಗಿಲಿಗೆ ಅಡ್ಡ ನಿಂತೆ. ಹುಳ ಗಿಳ ತಂದಿದ್ದರೆ ಹಾಗೇ ತಿರುಗಿ ಹೋಗಬೇಕು ಎಂದು ನನಗೆ ಬರುವ ತಮಿಳಿನಲ್ಲಿ ಹೇಳಿದೆ. "ಐಯೋ ಅಮ್ಮಾ, ಪುಳುವೇ ಇಲ್ಲೆ! ಇದು ಸುದ್ಧ ಸೈವಂ!" ಎಂದರು. ಹುಳವೇ ಬೇಡವಂತೆ, ಅಪ್ಪಟ ಸಸ್ಯಾಹಾರಿ ಗಾಳವಂತೆ. ಸ್ಪಿನ್ನರ್ ಎಂದು ಅದರ ಹೆಸರು. ಕೈಗೆ ತೆಗೆದುಕೊಂಡು ನೋಡಿದೆ. ನೆಟ್ಟಗಿನ ಒಂದು ತಂತಿ, ಅದಕ್ಕೆ ಪೋಣಿಸಿದ ಮಣಿ, ಎಲೆಯ ಹಾಗಿರುವ ಹೊಳೆಯುವ ತಗಡು, ಕೆಳಗೆ ಮೂರು ಕೊಕ್ಕೆ, ಕೊಕ್ಕೆ ಮುಚ್ಚುವಂತೆ ಒಂದು ಕುಚ್ಚು. ನೀರಿಗೆ ಎಸೆದು ಎಳೆದರೆ ತಗಡು ತಂತಿಯ ಸುತ್ತ ಗಿರಗಿರ ತಿರುಗುತ್ತದೆ; ಮರಿಮೀನು ಓಡುತ್ತಿದೆ ಎಂದುಕೊಂಡು ದೊಡ್ಡ ಮೀನು ಬಾಯಿ ಹಾಕುತ್ತದೆ. ಇದರಲ್ಲಿ ಮಡಿ ಕೆಡುವಂಥದ್ದು ಏನಿದೆ ಎಂದು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ ಮೀನನ್ನು ಅಲ್ಲೇ ನೀರಿಗೆ ಬಿಡಬೇಕು ಎಂದು ಕಟ್ಟಪ್ಪಣೆ ಮಾಡಿ ದಾರಿ ಬಿಟ್ಟೆ.

ನಮ್ಮವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾವನೋ ಇದು ಮಾಡಿದ್ದು? ತಗಡು ಅಲ್ಲಾಡ್ತದೆ" ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಒಂದು ವಸ್ತುವಿನಲ್ಲಿ ತಪ್ಪು ಹುಡುಕಿದ್ದು ಅದೇ ಮೊದಲು. ಮರುದಿನದಿಂದ ಮನೆಯ ಸಾಮಾನು ಒಂದೊಂದೇ ಕಾಣೆಯಾಗತೊಡಗಿತು. ಹಿತ್ತಾಳೆಯ ಕುಂಕುಮದ ಡಬ್ಬಿಯ ಮುಚ್ಚಳ ಹೋಯಿತು, ಹರಿದ ಸರದ ಮಣಿ ಹೋಯಿತು. ತಾವೇ ಒಂದು ಗಾಳ ಮಾಡಲೆಂದು, ಬಲಗೈಯನ್ನು ಮೇಲೆ ಭಾರಕ್ಕೆ ಇಟ್ಟುಕೊಂಡು, ಎಡಗೈಯಲ್ಲಿ ಮುಚ್ಚಳ ಕತ್ತರಿಸಿ ತಟ್ಟುತ್ತಿದ್ದರು. ಮೀನಿನ ಬಾಯಿ ಹೆಚ್ಚು ಹರಿಯಬಾರದೆಂದು ಕೊಕ್ಕೆಯ ಮುಳ್ಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡುತ್ತಿದ್ದರು. ಆಮೇಲೆ ಚೌರಿಯ ಸರದಿ.

"ಏನ್ರೀ, ನನ್ನ ಚೌರೀನ ಇಲಿ ಕಡಿದಿದೆ?"

"ಹೂಂ, ಇಲಿಯೇ ಇರಬೇಕು."

"ಕತ್ತರಿ ಹಿಡ್ಕೊಂಡು ಬಂದಿತ್ತಾ ಇಲಿ?"

"ಕುಚ್ಚಿಲ್ಲದಿದ್ರೆ ಮೀನು ನಂಬಲ್ಲ ಕಣೇ."

"ನಿಮ್ಮನ್ನ ನಂಬಿದೋಳು ನಾನೊಬ್ಬಳು ಇದ್ದೀನಲ್ಲ, ಸಾಲದಾ?"

ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಶುಕ್ರವಾರ ದೀಪದ ಕಂಬ ಉಜ್ಜುವಾಗ ಅದೇ ಹುಣಸೆಹಣ್ಣಿನಲ್ಲಿ ಗಾಳದ ತಗಡನ್ನೂ ಉಜ್ಜಿ, ಕೈಗೆ ಬಿದ್ದ ರೂಢಿಯಲ್ಲಿ ಇದಕ್ಕೂ ಒಂದು ಕುಂಕುಮದ ಬೊಟ್ಟಿಟ್ಟೆ. ಕೆರೆಯ ದಂಡೆಯಲ್ಲಿ ಚೀಲ ಬಿಚ್ಚಿದ ಆರುಮುಗಂ, "ಎನ್ನಮ್ಮಾ, ಮೀನುಕ್ಕು ಪೊಟ್ಟಾ?" ಎಂದು ನಕ್ಕರು. ಮೀನಿಗೂ ಬೊಟ್ಟೇ ಎಂದು. "ಹೂಂ, ಮುತ್ತೈದೆ ಮೀನೇ ಬರಲಿ" ಎಂದು ಇವರು ಸೇರಿಕೊಂಡರು. ನಾನು ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಹಳೇ ಸೀರೆಯ ಅಂಚಿನಿಂದ ಇವರ ಬಲಗೈಯನ್ನು ಕೋಲಿಗೆ ಕಟ್ಟಿದೆ. ಇಲ್ಲದಿದ್ದರೆ ಕೋಲು ಜಾರುತ್ತಿತ್ತು. ಆರುಮುಗಂ ಗಾಳ ಎಸೆದುಕೊಡುತ್ತಿದ್ದರು, ಇವರು ಎಡಗೈಯಿಂದ ದಾರದ ರಾಟೆ ಸುತ್ತುತ್ತಿದ್ದರು. ತೀರಾ ನಿಧಾನಕ್ಕೆ ಸುತ್ತಿದರೆ ತಗಡು ಮಲಗಿಬಿಡುತ್ತದೆ, ಅವಸರ ಮಾಡಿದರೆ ಗಾಳ ನೀರಿನ ಮೇಲಕ್ಕೆ ಬರುತ್ತದೆ. ಹದ ಸಿಕ್ಕಿದರೆ ತಗಡಿನ ನಡುಕ ದಾರದಲ್ಲಿ ಹರಿದು ಕೋಲು ಹಿಡಿದ ಕೈಗೆ ತಿಳಿಯುತ್ತದಂತೆ. ಆರುಮುಗಂ ಪ್ರತಿಸಲವೂ "ತೆರಿಯುದಾ?" ಎಂದು ಕೇಳುತ್ತಿದ್ದರು, ತಿಳಿಯುತ್ತಿದೆಯಾ ಎಂದು. ಇವರು ತಲೆಯಾಡಿಸುತ್ತಿದ್ದರು, ಇಲ್ಲ. ಹೀಗೇ ವಾರಗಳು ಕಳೆದವು. ಕೇಳುವುದನ್ನು ಆರುಮುಗಂ ಬಿಟ್ಟರು.

ಆಮೇಲೊಂದು ಬೆಳಿಗ್ಗೆ ಇವರು ಹಳೆಯ ಫೋರ್‌ಮನ್ ಒಬ್ಬನನ್ನು ಬಾಯ್ತುಂಬ ಬೈಯುತ್ತಿದ್ದರು. ಮುಖ ಆರುಮುಗಂ ಕಡೆಗಿತ್ತು, ನೀರಿನ ಕಡೆಗಲ್ಲ. ಬೈಗುಳದ ನಡುವೆಯೇ ನಿಲ್ಲಿಸಿ, "ತಿರುಗ್ತಿಲ್ಲ. ಹುಲ್ಲು ಸಿಕ್ಕಿದೆ" ಎಂದರು. ಎಳೆದು ನೋಡಿದರೆ ತಗಡಿಗೆ ಒಂದೆಳೆ ಪಾಚಿಹುಲ್ಲು ಸುತ್ತಿಕೊಂಡಿತ್ತು.

"ನೋಡದೆ ಹೇಗ್ರೀ ಗೊತ್ತಾಯ್ತು?"

"ಇಷ್ಟೊತ್ತು ಗುರ್ ಅಂತಿತ್ತಲ್ಲೇ, ನಿಂತೋಯ್ತು" ಎಂದರು. ಕೋಲಿಗೆ ಕಟ್ಟಿದ್ದ ತಮ್ಮ ಕೈಯನ್ನು ನೋಡಿದರು.

ಆರುಮುಗಂ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಬಿಸಿಲೇನೂ ಇರಲಿಲ್ಲ. ನಾನು ಅಳುವವಳಲ್ಲ. ಸೀರೆಯಂಚಿನ ಗಂಟು ಬಿಗಿಯಾಯಿತೇನೋ ಎಂದು ಬಗ್ಗಿ ನೋಡಿದೆ. ಸ್ವಲ್ಪ ಹೆಚ್ಚು ಹೊತ್ತೇ ನೋಡಿದೆ.

ಗಾಳದಿಂದಲೇ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಮಾತ್ರೆಯೂ ಇತ್ತು, ಎಣ್ಣೆ ನೀವಿದ್ದೂ ಇತ್ತು. ಮೀನಿನ ವಿಷಯ ಕೇಳಬೇಡಿ. ಅಪರೂಪಕ್ಕೊಂದು ಸಿಕ್ಕಿ, ಕುಂಕುಮ ಇಟ್ಟವರು ಯಾರು ಎಂಬಂತೆ ನಮ್ಮನ್ನು ನೋಡಿ ನೀರಿಗೆ ಹೋಗುತ್ತದೆ.

ಮೊನ್ನೆ ಎಂದಿನಂತೆ ತಣಿಸಿದ ಕಾಫಿ ಕೊಟ್ಟೆ. ಬಲಗೈಯಲ್ಲಿ ಲೋಟ ಹಿಡಿದವರು ತುಟಿಗೂ ತಾಗಿಸದೆ ಹುಬ್ಬು ಗಂಟಿಕ್ಕಿದರು. "ಏನೇ ಇದು? ಆರಿ ನೀರಾಗಿದೆ. ಇಷ್ಟು ದಿನ ಇದನ್ನೇ ಕುಡಿಸ್ತಿದ್ಯಾ?"

"ಕುಡಿಯದೇನೇ ಹೇಗೆ ಹೇಳ್ತೀರಿ?"

"ಕೈಗೆ ಗೊತ್ತಾಗಲ್ವೇನೇ?"

ಬೇರೆ ದಿನವಾಗಿದ್ದರೆ ಬೇಕಾದರೆ ನೀವೇ ಬಿಸಿ ಮಾಡಿಕೊಳ್ಳಿ ಎಂದಿರುತ್ತಿದ್ದೆ. ಅವತ್ತು ಲೋಟ ತೆಗೆದುಕೊಂಡು ಒಳಗೆ ಹೋಗಿ ಒಲೆ ಹಚ್ಚಿದೆ. ಕಾಫಿಯ ಮುಂದೆಯೇ ನಿಂತಿದ್ದೆ, ಆದರೂ ಅದು ಉಕ್ಕಿ ಒಲೆಯೆಲ್ಲ ಹರಿಯಿತು. "ಅಲ್ಲೇ ನಿಂತ್ಕೊಂಡು ಏನೇ ನೋಡ್ತಿದ್ದೆ?" ಎಂದು ಹೊರಗಿನಿಂದ ಕೂಗಿದರು. ಕೈ ಬಂದ ಮೇಲೆ ಮೂಗೂ ಚುರುಕಾಗಿದೆ. ಕಣ್ಣಿಗೆ ಹೊಗೆ ಹೋಯಿತು ಎಂದೆ. ಗ್ಯಾಸ್ ಒಲೆಯಲ್ಲಿ ಹೊಗೆ ಎಲ್ಲಿಂದ ಎಂದು ಅವರು ಕೇಳಲಿಲ್ಲ.