ಅಂಗಳದ ನಡುವೆ ಎಳೆದ ಗೆರೆ

ನನಗೆ ಸ್ವಲ್ಪ ಜಂಬ ಹೆಚ್ಚು. ಬೇರೆಯವರು ಹೇಳುವ ಮೊದಲೇ ನಾನೇ ಒಪ್ಪಿಕೊಂಡುಬಿಡುತ್ತೇನೆ. ತೆರಕಣಾಂಬಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು ನಾನು. ಸೌಹಾರ್ದದ ಮೇಲೆ ಭಾಷಣ ಎಂದರೆ ಗುಂಡ್ಲುಪೇಟೆಯ ಸುತ್ತಮುತ್ತ ನನ್ನನ್ನೇ ಕರೆಯುತ್ತಾರೆ. ಯಾಕೆ ಕರೆಯಬಾರದು? ಹೇಳಿಕೇಳಿ ನಮ್ಮದು ಮೂರು ರಾಜ್ಯ ಕೂಡುವ ಸೀಮೆ. ಕನ್ನಡದಲ್ಲಿ ಬೆಲೆ ಕೇಳಿ, ತಮಿಳಿನಲ್ಲಿ ಚೌಕಾಸಿ ಮಾಡಿ, ಮಲಯಾಳದಲ್ಲಿ ಮುನಿಸಿಕೊಂಡು, ಕೊನೆಗೆ ಒಂದೇ ಅಂಗಡಿಯಲ್ಲಿ ಟೀ ಕುಡಿಯುವ ಜನ ನಾವು. ನಮ್ಮ ಹೊಲದ ಚೆಂಡುಹೂ ಬಂಡೀಪುರದ ಕಾಡು ದಾಟದಿದ್ದರೆ ಆಚೆ ಎಷ್ಟೋ ಮನೆಗಳ ಓಣಂ ಸಪ್ಪೆ! ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಹೊಟ್ಟೆ ಅದಕ್ಕೂ ಮುಂಚೆಯೇ ಉಬ್ಬಿದೆ, ಆ ಮಾತು ಬೇರೆ.

ಇಂಥ ನನ್ನ ಮನೆಯಂಗಳದಲ್ಲೇ ಯುದ್ಧವಾಯಿತು. ನಮ್ಮ ಮನೆಗೂ ಪಕ್ಕದ ಶೀಜಾಳ ಮನೆಗೂ ಅಂಗಳ ಒಂದೇ. ಅವಳ ಗಂಡ ವಯನಾಡಿನಿಂದ ಬಂದು ಇಲ್ಲಿ ಗುತ್ತಿಗೆಗೆ ಶುಂಠಿ ಬೆಳೆಯುತ್ತಾನೆ. ಹೋದ ವರ್ಷ ನನ್ನ ಹೆಂಡತಿ ಗೌರಮ್ಮನಿಗೆ ಟೈಫಾಯಿಡ್ ಬಂದಾಗ ಹದಿನೈದು ದಿನ ಗಂಜಿ ಕಾಯಿಸಿ ಕೊಟ್ಟವಳು ಈ ಶೀಜಾ. ಓಣಂ ಬಂತೆಂದು ಅವಳು ತನ್ನ ಬಾಗಿಲ ಮುಂದೆ ಪೂಕ್ಕಳಂ, ಅಂದರೆ ಹೂವಿನ ರಂಗೋಲಿ, ಹಾಕತೊಡಗಿದಳು. ದಿನಕ್ಕೊಂದು ಸುತ್ತು ಸೇರಿಸುತ್ತ ಹತ್ತು ದಿನ ಅದನ್ನು ಬೆಳೆಸಬೇಕು, ಅದು ಅವರ ಪದ್ಧತಿ. ನಮ್ಮದೋ, ನೆನ್ನೆಯ ಹೂ ಹೊಸಿಲ ಮುಂದೆ ಇರಕೂಡದು. ಮೂರನೆಯ ಬೆಳಿಗ್ಗೆ ನನ್ನವಳು, ‘ಪಾಪ, ಹುಡುಗಿ ಇನ್ನೂ ಎದ್ದಿಲ್ಲ’ ಎಂದು ಅವಳ ಪಾಲಿನ ಅಂಗಳವನ್ನೂ ಗುಡಿಸಿ, ಸಗಣಿ ನೀರು ಹಾಕಿಬಿಟ್ಟಳು.

ಹೂಬುಟ್ಟಿ ಹಿಡಿದು ಬಂದ ಶೀಜಾ ಅದನ್ನು ಕಂಡು ಅತ್ತು, ಬಾಗಿಲು ಹಾಕಿಕೊಂಡಳು. ನಾನು ಹೋದರೆ, “ಬೇರೆ ಮನೆ ನೋಡ್ತೀವಿ ಮಾಷೇ” ಎಂದಳು. ಇತ್ತ ಗೌರಮ್ಮನದು ಬೇರೆ ರಾಗ. “ಉಪ್ಕಾರ ಮಾಡಕ್ಕೋದೆ ಕನಿ. ಬಾಡೋದ ಹೂವ ಯಾರಾರ ಬಾಗ್ಲಲ್ಲಿ ಮಡಿಕಂಡರಾ?” ಎಂದಳು. ಆದರೆ ಅವತ್ತು ಅವಳೂ ಊಟ ಮಾಡಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂಥ ನೆರೆ ಮತ್ತೆ ಎಲ್ಲಿ ಸಿಗುತ್ತದೆ?

ಹೀಗೆ ಎರಡು ದಿನ ಕಳೆದ ಮೇಲೆ ನನ್ನೊಳಗಿನ ಭಾಷಣಕಾರ ಎದ್ದ. ಶಾಲೆಯಲ್ಲಿ ಕಬಡ್ಡಿ ಅಂಕಣಕ್ಕೆ ಬಳಸುವ ಸುಣ್ಣದ ಪುಡಿ ತಂದು ಅಂಗಳದ ನಡುವೆ ನೆಟ್ಟಗೆ ಒಂದು ಗೆರೆ ಎಳೆದೆ. ಈಚೆ ನಮ್ಮದು, ಆಚೆ ಅವರದು. ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನೋಡುತ್ತಿದ್ದೆ. ಎರಡೂ ಬಾಗಿಲು ಒಟ್ಟಿಗೇ ತೆರೆದವು.

“ಏನ್ರೀ ಇದು?” ಎಂದಳು ಗೌರಮ್ಮ.

“ಶಾಂತಿ” ಎಂದೆ.

“ಇದಾ ಸಾಂತಿ? ಅಣ್ತಮ್ಮದೀರು ಬ್ಯಾರೆ ಓದಂಗೆ ಅಂಗ್ಳನೇ ಪಾಲ್ ಮಾಡ್ಬುಟ್ರಲ್ಲ! ಪುರಾಣ ಏಳಕ್ಕೆ, ಬದ್ನೆಕಾಯಿ ತಿನ್ನಕ್ಕೆ!”

“ನಾನು ಪಾಲು ಕೇಳಿದ್ನಾ ಮಾಷೇ?” ಎಂದು ಶೀಜಾಳೂ ಸೇರಿಕೊಂಡಳು.

ಎರಡು ದಿನ ಮಾತು ಬಿಟ್ಟವರು ನನ್ನನ್ನು ಬೈಯಲು ಒಂದಾದರು. ಬೈದು ಮುಗಿದ ಮೇಲೆ ಗೌರಮ್ಮ ಮೆಲ್ಲಗೆ, “ನಂಗೊತ್ತಿರ್ನಿಲ್ಲ ಕಣಮ್ಮಿ. ಒಂದ್ ಮಾತು ಏಳ್ಬಾರ್ದಿತ್ತಾ?” ಎಂದಳು. “ನೀವೂ ಒಂದು ಮಾತು ಕೇಳ್ಬಹುದಿತ್ತಲ್ಲಾ ಚೇಚೀ” ಎಂದಳು ಶೀಜಾ. ಅಷ್ಟೇ. ನನ್ನ ನಲವತ್ತು ನಿಮಿಷದ ಭಾಷಣದಲ್ಲಿ ಈ ಎರಡು ಮಾತು ಎಲ್ಲೂ ಇಲ್ಲ.

ಗೆರೆಯನ್ನು ಗೌರಮ್ಮನೇ ಗುಡಿಸಿದಳು. ‘ಬೆಳೆಯೋ ಹೂವಿಗೆ ದೋಸ ಇಲ್ಲ’ ಎಂದು ತಾನೇ ಒಂದು ಶಾಸ್ತ್ರ ಹುಟ್ಟಿಸಿ, ಶೀಜಾಳ ಹೂವಿನ ಸುತ್ತ ದಿನಾ ರಂಗೋಲಿ ಎಳೆದಳು. ದಿನವೂ ಶಾಲೆ ಬಿಟ್ಟು ಬರುವಾಗ ತೆರಕಣಾಂಬಿಯಿಂದ ಚೆಂಡುಹೂವಿನ ಚೀಲ ಹೊತ್ತು ತಂದವನು ನಾನೇ. ಓಣಂ ದಿನ ಅದು ಈ ಬಾಗಿಲಿನಿಂದ ಆ ಬಾಗಿಲವರೆಗೆ ಹರಡಿತ್ತು. ದಾರಿಹೋಕರು ನಿಂತು ಫೋಟೊ ತೆಗೆದರು. “ನಮ್ಮಂಗಳ!” ಎಂದು ಕೇಳದವರಿಗೂ ಹೇಳಿದೆ.

ಅವತ್ತೇ ಚಾಮರಾಜನಗರದಲ್ಲಿ ನನ್ನ ಭಾಷಣ. ಶಾಲು ಹೊದ್ದು ಹೊಸಿಲ ಆಚೆ ಕಾಲಿಡಬೇಕು, ಇಬ್ಬರೂ ಒಟ್ಟಿಗೆ ಕೂಗಿದರು: “ಅಯ್ಯೋ, ತುಳೀಬ್ಯಾಡಿ! ಇತ್ಲ ಬಾಗ್ಲಲ್ಲಿ ಓಗಿ!”

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು, ಸಗಣಿ ಗುಂಡಿ ಎಲ್ಲವನ್ನೂ ದಾಟಿ, ಶಾಂತಿಯ ಮೇಲೆ ಮಾತಾಡಲು ಹೋದೆ. ನಮ್ಮ ಅಂಗಳದ ಕಥೆಯನ್ನೇ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ನಡುವೆ ಗೆರೆ ಎಳೆದವನು ಮಾತ್ರ ‘ಯಾರೋ ಒಬ್ಬ ತಿಳಿಗೇಡಿ’ ಎಂದುಬಿಟ್ಟೆ.