ಎರಡು ಗರಗಸ, ಒಂದು ಶಾಖೆ

ಕಚೇರಿಯ ಕಟ್ಟಡದೊಳಗೆ ತಾನಾಗಿ ಪ್ರವೇಶಿಸಿದ ಮರದ ಕೊಂಬೆಯನ್ನು, ಅದನ್ನು ಕೊಯ್ಯುವ ಸಾಧನವು ನಿಯಮಾನುಸಾರ ಖರೀದಿಯಾಗುವ ತನಕ, ಯಾರೂ ಮುಟ್ಟತಕ್ಕದ್ದಲ್ಲ. ನಲ್ಲಿ ಸಂಪರ್ಕ ಕಚೇರಿಯಲ್ಲಿ ಈ ನಿಯಮ ಮೊದಲಿನಿಂದಲೂ ಇತ್ತು. ಅಂಥ ಕೊಂಬೆ ಯಾವುದೂ ಹಿಂದೆ ಬಂದಿರಲಿಲ್ಲವಾದ್ದರಿಂದ ಅದನ್ನು ಯಾರೂ ಮುರಿದಿರಲೂ ಇಲ್ಲ.

ಕೊಂಬೆ ಬಂದದ್ದು ರಜೆಯ ದಿನ, ದೊಡ್ಡ ಗಾಳಿಯೊಂದಿಗೆ. ಅಂಗಳದ ಮರ ಒಂದು ಕಡೆಗೆ ವಾಲಿ, ತನ್ನ ದಪ್ಪನೆಯ ಕೊಂಬೆಯೊಂದನ್ನು ಕಿಟಕಿಯಿಂದ ಒಳಗೆ ತೂರಿಸಿ, ಅದರ ತುದಿಯನ್ನು ಎದುರು ಗೋಡೆಯ ಕಬ್ಬಿಣದ ಬೀರುವಿನ ಮೇಲೆ ಇಟ್ಟು, ಸುಮ್ಮನೆ ನಿಂತುಬಿಟ್ಟಿತ್ತು. ಕೊಂಬೆ ಮುರಿದಿರಲಿಲ್ಲ. ಎಲೆಗಳೂ ಹಸಿರಾಗಿಯೇ ಇದ್ದವು. ಅದು ಹಾದುಹೋದದ್ದು ಅರ್ಜಿ ಗುಮಾಸ್ತರ ಮೇಜಿನ ಮುಂದುಗಡೆ, ನಿಂತವರ ಎದೆಮಟ್ಟಕ್ಕೆ ಸರಿಯಾಗಿ.

ಅರ್ಜಿ ಗುಮಾಸ್ತರು ಆ ಕಚೇರಿಯಲ್ಲಿ ಇದ್ದರು ಎಂಬುದು ಹಾಜರಿಯಿಂದ ಮಾತ್ರ ತಿಳಿಯುತ್ತಿತ್ತು. ಮೆಲುದನಿಯ ಮನುಷ್ಯ. ನಲ್ಲಿ ಬೇಕೆಂದು ಬಂದವರು ಅರ್ಜಿಯನ್ನು ಅವರ ಮೇಜಿನ ಮೇಲೆ ಎಸೆದು, ಮುಖ ನೋಡದೆ, "ಯಾವತ್ತು ಬರಬೇಕು?" ಎಂದು ಗೋಡೆಯನ್ನು ಕೇಳುತ್ತಿದ್ದರು. ಒಮ್ಮೆ ಅವರು ಒಳಗಿರುವಾಗಲೇ ಜವಾನ ಬೀಗ ಹಾಕಿಕೊಂಡು ಹೋಗಿದ್ದ. ಬೆಳಿಗ್ಗೆ ಬಾಗಿಲು ತೆಗೆದವನು, "ಓ, ಇವತ್ತು ಬೇಗ ಬಂದಿದ್ದೀರಾ," ಎಂದಿದ್ದ. ಗುಮಾಸ್ತರು ಹೌದೆಂದಿದ್ದರು.

ಕೊಂಬೆಯನ್ನು ನೋಡಲು ಮುಖ್ಯಾಧಿಕಾರಿಗಳು ಖುದ್ದಾಗಿ ಬಂದರು. ಅವರಿಗೆ ಬರವಣಿಗೆಯ ಭಾಷೆಯಲ್ಲೇ ಮಾತಾಡುವ ಅಭ್ಯಾಸ. ಮನೆಯಲ್ಲಿ ಉಪ್ಪು ಬೇಕಾದರೂ "ಲವಣದ ಕೊರತೆ ಕಂಡುಬಂದಿದೆ" ಎನ್ನುತ್ತಿದ್ದರಂತೆ.

"ಇದನ್ನು ಛೇದಿಸತಕ್ಕದ್ದು," ಎಂದರು.

ಕಚೇರಿಗೆ ಮರ ಕೊಯ್ಯುವ ನೌಕರನೊಬ್ಬನಿದ್ದ. ಪೈಪಿನ ದಾರಿಗೆ ಅಡ್ಡ ಬರುವ ಬೇರುಗಳಿಗಾಗಿ ಆ ಹುದ್ದೆ ಹುಟ್ಟಿತ್ತು. ಎಲ್ಲರೂ ಅವನನ್ನು ಗರಗಸದಣ್ಣ ಎನ್ನುತ್ತಿದ್ದರು. ಆದರೆ ಅವನ ಹತ್ತಿರ ಗರಗಸ ಇರಲಿಲ್ಲ. ನೌಕರನಿದ್ದಾನೆ, ಆದ್ದರಿಂದ ಹೊರಗಿನವರನ್ನು ಕರೆಸುವಂತಿಲ್ಲ. ಗರಗಸವಿಲ್ಲ, ಆದ್ದರಿಂದ ಒಳಗಿನವನು ಮಾಡುವಂತಿಲ್ಲ.

"ನಮ್ಮ ಮನೇಲಿ ಕೈಗರಗಸ ಇದೆ, ತರ್ಲಾ?" ಎಂದ ಗರಗಸದಣ್ಣ, ಯಾರಾದರೂ ಹೂಂ ಎಂದುಬಿಟ್ಟಾರೆಂಬ ಹೆದರಿಕೆಯಲ್ಲಿ.

"ಬೇಡ," ಎಂದರು ಲೆಕ್ಕದ ಮೇಡಂ. "ಕೈಗರಗಸದಲ್ಲಿ ಕೆಲಸ ಮುಗಿದ್ರೆ, ಮೆಷಿನ್ನಿಗೆ ದುಡ್ಡು ಕೇಳಿದ್ದು ಯಾಕೆ ಅಂತ ನಾಳೆ ಕೇಳ್ತಾರೆ."

ದುಡ್ಡನ್ನು ಇನ್ನೂ ಕೇಳಿರಲಿಲ್ಲ. ಕೂಡಲೇ ಕೇಳಲಾಯಿತು.

ಯಂತ್ರದಂಗಡಿಯವನು ಎರಡು ಚೈನ್ ಗರಗಸಗಳನ್ನು ತಂದು ಸಭೆಯ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದ. ಒಂದು ದಪ್ಪ, ಇನ್ನೊಂದು ತೆಳ್ಳಗೆ. ಗಂಡಿನ ಕಡೆಯವರಿಗೆ ಅಕ್ಕತಂಗಿಯರಿಬ್ಬರನ್ನೂ ಒಟ್ಟಿಗೇ ತೋರಿಸಿದ ಹಾಗಿತ್ತು.

"ಇದು ಹಳೇ ಮಾಡೆಲ್ಲು ಸಾರ್. ಕಂಪನಿಯವರು ಮಾಡೋದು ನಿಲ್ಲಿಸಿದ್ದಾರೆ, ಅದಕ್ಕೇ ರಿಯಾಯಿತಿ. ಸ್ವಲ್ಪ ಭಾರ, ಹಗ್ಗ ನಾಲ್ಕು ಸಲ ಎಳೀಬೇಕು. ಆದ್ರೆ ಒಂದ್ಸಲ ಹಿಡೀತು ಅಂದ್ರೆ ಬಿಡೋ ಮಾತೇ ಇಲ್ಲ. ಇದು ಹೊಸದು. ಹಗುರ, ಒಂದೇ ಎಳೆತಕ್ಕೆ ಶುರು, ಹೊಗೆ ಕಮ್ಮಿ, ಸದ್ದೂ ಕಮ್ಮಿ. ಕೈ ಜಾರಿದ್ರೆ ತಾನೇ ನಿಂತ್ಕೊಳ್ಳುತ್ತೆ."

"ಹಳೇದು ಅಗ್ಗ ಅಂದ್ರೆ ಏನೋ ಐಬು ಇರ್ಬೇಕು," ಎಂದರು ಲೆಕ್ಕದ ಮೇಡಂ.

"ಐಬು ಏನಿಲ್ಲ ಮೇಡಂ."

"ಐಬು ಇಲ್ಲದೇ ಇರೋದನ್ನ ಅಗ್ಗಕ್ಕೆ ಯಾಕೆ ಕೊಡ್ತೀರಿ? ಅದೇ ಒಂದು ಐಬು."

ಸಭೆ ಆಳವಾಗಿ ಯೋಚಿಸಿತು. ಹಳೆಯದನ್ನು ಕೊಂಡರೆ, ಹೊಸದಿರುವಾಗ ಹಳೆಯದೇಕೆ ಎಂದು ಮೇಲಿನವರು ಕೇಳುತ್ತಾರೆ. ಹೊಸದನ್ನು ಕೊಂಡರೆ, ಅಗ್ಗದ್ದಿರುವಾಗ ದುಬಾರಿಯದೇಕೆ ಎಂದು ಅವರೇ ಕೇಳುತ್ತಾರೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಎರಡನ್ನೂ ಕೂಲಂಕಷವಾಗಿ ಹೋಲಿಸಿ ನೋಡುವುದೆಂದೂ, ಅಲ್ಲಿಯ ತನಕ ಕೊಂಬೆ ಇದ್ದಲ್ಲೇ ಇರತಕ್ಕದ್ದೆಂದೂ ತೀರ್ಮಾನವಾಯಿತು. ಅರ್ಜಿ ಗುಮಾಸ್ತರ ಮೇಜನ್ನು ಆಚೆ ಸರಿಸಬಹುದಿತ್ತು. ಆದರೆ ಮೇಜು ಸರಿಸುವುದು ಬೇರೆ ವಿಭಾಗದ ಕೆಲಸ.

ಮೊದಲ ದಿನ ಗುಮಾಸ್ತರು ತಮ್ಮ ಕುರ್ಚಿಗೆ ನುಸುಳಿಕೊಂಡು ಹೋಗಿ ಕೂತಾಗ ಅವರಿಗೆ ಅಳು ಬರುವಂತಾಗಿತ್ತು. ಇನ್ನು ಮೇಲೆ ತಾವು ಜನರಿಗೆ ನಿಜವಾಗಿಯೂ ಕಾಣಿಸುವುದಿಲ್ಲ ಅಂದುಕೊಂಡರು.

ಅಷ್ಟರಲ್ಲಿ ಕಟ್ಟಡ ಕಂಟ್ರಾಕ್ಟರು ಬಂದ. ಬಾಗಿಲಿನಿಂದಲೇ ಅರ್ಜಿ ಎಸೆಯುತ್ತಿದ್ದ ಆಸಾಮಿ. ಎಸೆದ ಅರ್ಜಿ ಎಲೆಗಳಿಗೆ ಸಿಕ್ಕಿಕೊಂಡಿತು. ಬೇರೆ ದಾರಿ ಕಾಣದೆ ಅವನು ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಎಲೆಗಳನ್ನು ಸರಿಸಲು ಎರಡೂ ಕೈ ಮುಂದೆ ಜೋಡಿಸಿಕೊಂಡು, ಕೊಂಬೆಯ ಕೆಳಗಿನಿಂದ ಮುಖ ತೋರಿಸಿದ.

ಅದು ನಮಸ್ಕಾರವೆಂದೇ ಗುಮಾಸ್ತರಿಗೆ ತೋರಿತು. "ಇರಲಿ, ಇರಲಿ," ಎಂದುಬಿಟ್ಟರು.

ಬಗ್ಗಿದ ಮನುಷ್ಯ ಜೋರು ಮಾಡಲಾರ. ಹೊಟ್ಟೆ ಮಡಿಸಿಕೊಂಡಾಗ ದನಿ ತಾನಾಗಿಯೇ ಸಣ್ಣದಾಗುತ್ತದೆ. ಕಂಟ್ರಾಕ್ಟರು, "ಯಾವಾಗ ಬರ್ಲಿ ಸ್ವಾಮಿ?" ಎಂದು ಕೇಳಿದ. ಸ್ವಾಮಿ ಎಂಬ ಶಬ್ದ ಆ ಮೇಜಿನ ಬಳಿ ಅದೇ ಮೊದಲ ಸಲ ಕೇಳಿಬಂದದ್ದು. ಗುಮಾಸ್ತರು ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಅಂದಿನಿಂದ ಬಂದವರೆಲ್ಲ ಬಗ್ಗಿದರು. ಸಾಲಿನಲ್ಲಿ ಹಿಂದೆ ನಿಂತವರು ಮುಂದಿನವರು ಬಾಗುವುದನ್ನು ನೋಡಿ, ಒಳಗೆ ಕೂತವರು ಭಾರೀ ಅಧಿಕಾರಿಯೇ ಇರಬೇಕೆಂದು ಅಂಗಿಯ ಗುಂಡಿ ಸರಿಮಾಡಿಕೊಂಡರು. ಬೇರೆ ಕೊಠಡಿಗಳಲ್ಲಿ ಆಗಬೇಕಾದ ಕೆಲಸಕ್ಕೂ ಜನ ಮೊದಲು ಇಲ್ಲಿಗೇ ಬಂದು ಬಗ್ಗಿ ಹೋಗತೊಡಗಿದರು. ಗುಮಾಸ್ತರ ಬೆನ್ನು ನೆಟ್ಟಗಾಯಿತು. ದನಿಗೆ ತೂಕ ಬಂತು.

ಮನೆಯಲ್ಲೂ ಅದರ ಗಾಳಿ ಬೀಸಿತು. ಬಿದ್ದ ಚಮಚ ತೆಗೆಯಲು ಹೆಂಡತಿ ಬಗ್ಗಿದಾಗ ಅವರು, "ಇರಲಿ, ಇರಲಿ," ಎಂದರು.

ಹೆಂಡತಿ ಚಮಚದೊಂದಿಗೆ ಎದ್ದು ನಿಂತು ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಆಫೀಸಿಗೆ ಕೊಂಬೆ ಬಂದಾಗಿನಿಂದ ನಿಮಗೆ ಕೊಂಬು ಬಂದಿದೆ ಕಣ್ರೀ."

"ಜನ ಗೌರವ ಕೊಡ್ತಾರೆ ಕಣೇ. ನಾನೇನು ಕೇಳ್ತೀನಾ?"

"ಜನ ಗೌರವ ಕೊಡ್ತಿರೋದು ಮರಕ್ಕೆ. ಅದನ್ನ ಕೊಯ್ದ ದಿನ ಮನೆಗೆ ಬಂದು ನನ್ನ ಹತ್ರ ಗೋಳಾಡಬೇಡಿ."

ಅವರಿಗೆ ಅಂದು ಊಟ ಸೇರಲಿಲ್ಲ. ಕೊಯ್ಯುವ ದಿನವೊಂದು ಇದೆ ಎಂಬುದನ್ನು ಅವರು ಮರೆತೇಬಿಟ್ಟಿದ್ದರು.

ಮರುದಿನವೇ ಸಭೆ ಅವರನ್ನು ಕರೆಸಿತು. ಕೊಂಬೆಯಿಂದ ನೇರವಾಗಿ ಬಾಧಿತರಾದವರು ಅವರೊಬ್ಬರೇ, ಆದ್ದರಿಂದ ಹಳೆಯ ಯಂತ್ರವೋ ಹೊಸದೋ ಎಂಬುದನ್ನು ಅವರ ಬಾಯಿಂದಲೇ ಕೇಳುವುದು ಉಚಿತವೆಂದು ಮುಖ್ಯಾಧಿಕಾರಿಗಳ ಅಭಿಪ್ರಾಯ.

ಗುಮಾಸ್ತರು ಎರಡನ್ನೂ ನೋಡಿದರು. ಎರಡಕ್ಕೂ ಹಲ್ಲಿತ್ತು.

"ಹೊಸದು ಒಳ್ಳೇದೇ ಸಾರ್. ಆದ್ರೆ ಸದ್ದು ಕಮ್ಮಿ ಅಂತಾರೆ. ಸದ್ದೇ ಇಲ್ದಿದ್ರೆ ಸರ್ಕಾರಿ ಕೆಲಸ ನಡೀತಿದೆ ಅಂತ ಜನಕ್ಕೆ ಗೊತ್ತಾಗೋದು ಹೇಗೆ?"

ಸಭೆ ತಲೆದೂಗಿತು. "ಹಾಗಾದರೆ ಹಳೆಯದು?"

"ಹಳೇದೂ ಒಳ್ಳೇದೇ. ಆದ್ರೆ ಅಷ್ಟೊಂದು ಸದ್ದಾದ್ರೆ, ಆಫೀಸಿನಲ್ಲಿ ಇಷ್ಟೊಂದು ಕೆಲಸ ಯಾಕಿದೆ ಅಂತ ಜನ ಅನುಮಾನ ಪಡಲ್ವಾ?"

ಇದನ್ನೂ ತಳ್ಳಿಹಾಕುವಂತಿರಲಿಲ್ಲ. ಹೋಲಿಕೆ ಮುಂದುವರಿಯಿತು. ಅಷ್ಟರಲ್ಲಿ ಕಂಪನಿಯವರು ಇನ್ನೂ ಹೊಸದೊಂದನ್ನು ತಂದರೆಂದು ಅಂಗಡಿಯವನು ಬೆವರು ಒರೆಸಿಕೊಳ್ಳುತ್ತ ಬಂದ. ಹೊಸದೆಂದು ನೋಡುತ್ತಿದ್ದ ಯಂತ್ರ ಈಗ ಹಳೆಯದಾಗಿ ರಿಯಾಯಿತಿಗೆ ಇಳಿದಿತ್ತು. ಮೊದಲಿನ ಹಳೆಯದನ್ನು ಕೇಳುವವರೇ ಇಲ್ಲವೆಂದು ಅವನು ಅದನ್ನು ಅಂಗಡಿಯ ಬಾಗಿಲಿಗೆ ಆನಿಸಿಟ್ಟಿದ್ದ. ಹೋಲಿಕೆಯನ್ನು ಮತ್ತೆ ಮೊದಲಿನಿಂದ ಆರಂಭಿಸಲಾಯಿತು. ಗುಮಾಸ್ತರು ಅಂದು ಮನೆಗೆ ಹಾಡು ಗುನುಗುತ್ತ ಹೋದರು.

ತಡವಾಗುತ್ತಿರುವುದಕ್ಕೆ ಕಾರಣ ಹೇಳಲು ಮುಖ್ಯಾಧಿಕಾರಿಗಳು ಮೇಲಿನ ಕಚೇರಿಗೆ ಫೋನ್ ಮಾಡಿದರು. ಕೊಂಬೆ ಎಂಬ ಶಬ್ದ ಮೇಲಿನವರೆದುರು ಆಡತಕ್ಕದ್ದಲ್ಲವೆಂದು ಅವರಿಗೆ ತೋರಿತು.

"ಮಾನ್ಯರೇ, ನಮ್ಮ ಕಚೇರಿಯೊಳಗೆ ನೂತನವಾಗಿ ಒಂದು ಶಾಖೆ ಬಂದಿರುತ್ತದೆ."

"ಹೌದಾ? ನಮಗೆ ಗೊತ್ತೇ ಇಲ್ಲವಲ್ಲ. ಜನ ಬರ್ತಿದ್ದಾರಾ?"

"ಸಾಲುಗಟ್ಟಿ ಬರುತ್ತಿದ್ದಾರೆ. ಅದನ್ನು ಕಡಿತಗೊಳಿಸುವ ಬಗ್ಗೆ..."

"ಕಡಿತ ಯಾಕ್ರೀ ಮಾಡ್ತೀರಿ? ಜನ ಬರೋ ಶಾಖೇನ ಯಾರಾದ್ರೂ ಕಡಿತ ಮಾಡ್ತಾರಾ? ಅಲ್ಲಿ ಈಗ ಯಾರು ಕೂತಿದ್ದಾರೆ?"

"ಶಾಖೆಯ ಹಿಂಭಾಗದಲ್ಲಿ ಅರ್ಜಿ ಗುಮಾಸ್ತರು ಆಸೀನರಾಗಿದ್ದಾರೆ."

"ಸರಿ, ಅವರನ್ನೇ ಶಾಖಾಧಿಕಾರಿ ಮಾಡಿಬಿಡಿ."

ಮೇಲಿನವರು ಹೇಳಿದ್ದನ್ನು ಪ್ರಶ್ನಿಸುವ ಪದ್ಧತಿ ಅಲ್ಲಿರಲಿಲ್ಲ. ಅರ್ಜಿ ಗುಮಾಸ್ತರು ಮಧ್ಯಾಹ್ನದ ಹೊತ್ತಿಗೆ ಶಾಖಾಧಿಕಾರಿಗಳಾದರು. ಫಲಕವನ್ನು ಕೊಂಬೆಗೇ ನೇತುಹಾಕಲಾಯಿತು. ಸಂಜೆ ಸುದ್ದಿ ಕೇಳಿದ ಹೆಂಡತಿ ಬಹಳ ಹೊತ್ತು ನಕ್ಕು, ಆಮೇಲೆ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಿ. ಯಾವ ದಾರೀಲಿ ಬಂದ್ರೇನು, ನಿಮಗೆ ಬರಬೇಕಾದ್ದೇ," ಎಂದರು. ಆ ಮಾತು ಅವರಿಗೆ ಹುದ್ದೆಗಿಂತ ಹೆಚ್ಚು ಹಿಡಿಸಿತು.

ಆದರೆ ಗರಗಸಕ್ಕೆಂದು ಕೇಳಿದ್ದ ದುಡ್ಡು ಮಂಜೂರಾಗಿ ಬಂದುಬಿಟ್ಟಿತು. ಬಂದ ದುಡ್ಡನ್ನು ಹಿಂದಕ್ಕೆ ಕಳಿಸಿದ ಕಚೇರಿಗೆ ಮುಂದೆಂದೂ ದುಡ್ಡು ಬರುವುದಿಲ್ಲ. ಕೊಳ್ಳಲೇಬೇಕು, ಕೊಂಡಮೇಲೆ ಏನನ್ನಾದರೂ ಕೊಯ್ಯಲೇಬೇಕು. ಕೊಯ್ಯಲು ಎದುರಿಗಿದ್ದದ್ದು ಹೊಸ ಶಾಖಾಧಿಕಾರಿಗಳ ಕೊಂಬೆ ಒಂದೇ.

ಅಂದು ಮುಖ್ಯಾಧಿಕಾರಿಗಳು ಅವರನ್ನು ಒಬ್ಬರನ್ನೇ ಕೊಠಡಿಗೆ ಕರೆದರು. ಬಾಗಿಲು ಮುಚ್ಚಿಕೊಂಡು, ಎಂದೂ ಇಲ್ಲದೆ ಆಡುಮಾತಿಗೆ ಇಳಿದರು.

"ಆ ಕಂಟ್ರಾಕ್ಟರು ಇವತ್ತು ನನ್ನ ರೂಮಿಗೆ ಬಂದಿದ್ದ ಕಣ್ರೀ. ಜೇಬಲ್ಲಿ ಕೈ ಹಾಕ್ಕೊಂಡು ಬಂದ. ಕೂತ್ಕೊಳ್ಳಿ ಅಂತ ಹೇಳೋ ಮುಂಚೆ ಕೂತ. ನಿಮ್ಮ ಹತ್ರ ಹೇಗಿರ್ತಾನೆ?"

"ಬಗ್ತಾನೆ ಸಾರ್."

"ಎಷ್ಟು?"

ಶಾಖಾಧಿಕಾರಿಗಳು ಎದ್ದು ಬಗ್ಗಿ ತೋರಿಸಿದರು. ಮುಖ್ಯಾಧಿಕಾರಿಗಳು ನಿಟ್ಟುಸಿರಿಟ್ಟರು. "ನಿಮ್ಮ ಕೊಂಬೇನ ಕೊಯ್ದು ಇಲ್ಲಿಗೆ ತಂದ್ರೆ ಹೇಗೆ?"

ಶಾಖಾಧಿಕಾರಿಗಳಿಗೆ ಬದುಕಿನಲ್ಲಿ ಎದುರು ಮಾತಾಡಿ ಗೊತ್ತಿಲ್ಲ. ಆದರೂ ಇಷ್ಟು ದಿನ ಬಗ್ಗಿದವರನ್ನು ನೋಡಿ ನೋಡಿ ಎಲ್ಲೋ ಒಂದಿಷ್ಟು ಧೈರ್ಯ ಸೇರಿಕೊಂಡಿತ್ತು. "ಅದು ಗುಮಾಸ್ತನ ಅಳತೆ ಕೊಂಬೆ ಸಾರ್," ಎಂದರು. "ನಿಮ್ಮ ಹುದ್ದೆಗೆ ಸಣ್ಣದಾಗುತ್ತೆ. ಆ ಮರದಲ್ಲೇ ಮೇಲುಗಡೆ ಇನ್ನೂ ದಪ್ಪದ್ದು ಇದೆ."

ಮುಖ್ಯಾಧಿಕಾರಿಗಳು ಕಿಟಕಿಗೆ ಹೋಗಿ ಮರವನ್ನು ಬಹಳ ಹೊತ್ತು ನೋಡಿದರು.

ಇಷ್ಟು ಕಾಲ ಮುಗಿಯದ ಹೋಲಿಕೆ ಅಂದು ಮಧ್ಯಾಹ್ನ ಮುಗಿಯಿತು. ಲೆಕ್ಕದ ಮೇಡಂ ತಮಗೂ ಒಂದು ಕೊಂಬೆ ಎಂಬ ಷರತ್ತಿನ ಮೇಲೆ ದಾರಿ ತೋರಿಸಿದರು. ಎರಡು ಯಂತ್ರಗಳನ್ನೂ ಕೊಂಡರೆ ಹಳೆಯದನ್ನೇಕೆ ಬಿಟ್ಟಿರಿ, ಹೊಸದನ್ನೇಕೆ ಬಿಟ್ಟಿರಿ ಎಂದು ಯಾರೂ ಕೇಳುವಂತಿಲ್ಲ. ಅದರಂತೆ ಸುತ್ತೋಲೆ ಹೊರಟಿತು:

"ಅಧಿಕಾರಿಗಳ ಕೊಂಬೆಗಳನ್ನು ಹೊಸ ಯಂತ್ರದಿಂದಲೂ, ಇತರರ ಕೊಂಬೆಗಳನ್ನು ರಿಯಾಯಿತಿಯ ಯಂತ್ರದಿಂದಲೂ ಕೊಯ್ಯತಕ್ಕದ್ದು. ಕೊಂಬೆಯ ದಪ್ಪವು ಹುದ್ದೆಯ ದಪ್ಪವನ್ನು ಮೀರತಕ್ಕದ್ದಲ್ಲ. ಸೊಂಟನೋವಿರುವ ಸಾರ್ವಜನಿಕರು ವೈದ್ಯರ ಪ್ರಮಾಣಪತ್ರ ತಂದಲ್ಲಿ ಬಗ್ಗುವುದರಿಂದ ವಿನಾಯಿತಿ ಪಡೆಯಬಹುದು. ಆದರೆ ಮುಖದಲ್ಲಿ ಬಗ್ಗಿದ ಭಾವ ಇರತಕ್ಕದ್ದು."

ಅಂಗಡಿಯವನು ಖುಷಿಯಿಂದ ಒಂದು ಡಬ್ಬ ಎಣ್ಣೆಯನ್ನು ಪುಕ್ಕಟೆಯಾಗಿ ಕೊಟ್ಟ. ಗರಗಸದಣ್ಣ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ಮರ ಹತ್ತಿದ. ಹೊಸ ಯಂತ್ರ ಹಗುರ, ಹಳೆಯದು ಅದಕ್ಕಿಂತ ಸ್ವಲ್ಪ ಭಾರ, ಎರಡೂ ಒಂದೇ ಥರ ಕೊಯ್ಯುತ್ತವೆ ಎಂದು ಇಳಿದು ಬಂದು ಹೇಳಿದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಒಂದೊಂದು ಕೊಠಡಿಗೂ ಒಂದೊಂದು ಕೊಂಬೆ, ಎರಡು ಕಬ್ಬಿಣದ ಕಾಲುಗಳ ಮೇಲೆ, ಎದೆಮಟ್ಟಕ್ಕೆ ಬಂದು ಕೂತಿತು. ಜವಾನನಿಗೂ ಕಡ್ಡಿಯಂಥದ್ದೊಂದು ಸಿಕ್ಕಿತು. ಜನ ಗೊಣಗಿದರು, ಬಗ್ಗಿದರು, ಆಮೇಲೆ ಗೊಣಗದೆ ಬಗ್ಗಿದರು. ನಲ್ಲಿ ಸಂಪರ್ಕಗಳು ಮೊದಲಿನಷ್ಟೇ ತಡವಾಗಿ ಸಿಗುತ್ತಿದ್ದವು. ಆದರೆ ಜಗಳವಿಲ್ಲದೆ ಸಿಗುತ್ತಿದ್ದವು.

ಕಾಲಕ್ರಮದಲ್ಲಿ ಕೊಂಬೆಗಳು ಒಣಗಿದವು, ಗೆದ್ದಲು ಹಿಡಿಯಿತು. ಒಂದು ರಜೆಯ ದಿನ ಕಟ್ಟಡ ವಿಭಾಗದವರು ಬಂದು, ಕಿಟಕಿಯಿಂದ ಬಂದಿದ್ದ ಮೊದಲ ಕೊಂಬೆಯನ್ನೂ ಕೊಯ್ದು ಸೇರಿಸಿ, ಎಲ್ಲವನ್ನೂ ಹೊತ್ತುಕೊಂಡು ಹೋಗಿ ಗೋಡೆಗಳಿಗೆ ಸುಣ್ಣ ಹೊಡೆದರು. ಮುಂದಿನ ಬೆಳಿಗ್ಗೆ ಶಾಖಾಧಿಕಾರಿಗಳು ತಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, ಖಾಲಿ ಬೆಳಕನ್ನು ಒಂದು ಗಳಿಗೆ ನೋಡಿದರು. ಆಮೇಲೆ, ಸೊಂಟ ಬಗ್ಗಿಸಿ ಒಳಗೆ ನುಸುಳಿ, ಕುರ್ಚಿಯಲ್ಲಿ ಕೂತು, ಮೊದಲ ಅರ್ಜಿದಾರರನ್ನು ಕರೆದರು. ಅವರು ಬಗ್ಗಿ ಬಂದರು. ಅವರ ಹಿಂದಿನವರೂ ಬಗ್ಗಿ ಬಂದರು.

ಮಧ್ಯಾಹ್ನ ಊರಿಗೆ ಹೊಸಬರೊಬ್ಬರು ಅರ್ಜಿ ಹಿಡಿದು ನೆಟ್ಟಗೆ ನಡೆದು ಬಂದರು. ಸಾಲಿನಲ್ಲಿದ್ದ ಕಂಟ್ರಾಕ್ಟರು ಗಾಬರಿಯಿಂದ ಅವರ ತೋಳು ಹಿಡಿದುಕೊಂಡ.

"ಕೊಂಬೆ ತಾಗುತ್ತೆ ಸ್ವಾಮಿ, ಬಗ್ಗಿ."

ಹೊಸಬರು ತಟ್ಟನೆ ಬಗ್ಗಿದರು. "ಒಳ್ಳೇದಾಯ್ತು ಹೇಳಿದ್ದು," ಎಂದರು. "ನಾನು ನೋಡೇ ಇರಲಿಲ್ಲ."